ಆಸ್ಪತ್ರೆ ಗೇಟಿನಲ್ಲಿ ಸಿಗುವ ಏಜೆಂಟರ ಕೈಗೆ ಯುಡಿಐಡಿ ಅರ್ಜಿ ಕೊಡಬೇಡಿ

ಕೂಲಿ ಮಾಡುವ ಒಬ್ಬ ತಾಯಿ. ಹನ್ನೆರಡು ವರ್ಷದ ಮಗನಿಗೆ ಬೌದ್ಧಿಕ ವಿಕಲತೆ. ಅವನಿಗೆ ಯುಡಿಐಡಿ, ಅಂದರೆ ವಿಕಲತೆ ಶೇಕಡಾ ಎಷ್ಟು ಎಂದು ವೈದ್ಯರು ನಿರ್ಧರಿಸಿದ ಮೇಲೆ ಸರ್ಕಾರ ಕೊಡುವ ವಿಶಿಷ್ಟ ಗುರುತಿನ ಕಾರ್ಡ್, ಮಾಡಿಸಬೇಕಿತ್ತು. ಜಿಲ್ಲಾಸ್ಪತ್ರೆಯ ಗೇಟಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಸಿಕ್ಕ ವ್ಯಕ್ತಿಯೊಬ್ಬ, "ಅಕ್ಕ, ನೀವು ಓಡಾಡೋದೇ ಬೇಡ. ಎಪ್ಪತ್ತೈದು ಪರ್ಸೆಂಟ್ ಮಾಡಿಸಿಕೊಡ್ತೀನಿ, ಡಾಕ್ಟರ್ ನಮ್ಮೋರೇ" ಎಂದ. ಮೊದಲು ಮೂರು ಸಾವಿರ, ಕಾರ್ಡ್ ಕೈಗೆ ಬಂದಾಗ ಮತ್ತೆ ಮೂರು ಸಾವಿರ. ಎರಡು ವಾರದಲ್ಲಿ ಲ್ಯಾಮಿನೇಶನ್ ಮಾಡಿದ ಕಾರ್ಡ್ ಬಂತು. ಮಾಸಾಶನಕ್ಕೆ ಅರ್ಜಿ ಹಾಕಲು ನಾಡಕಚೇರಿಗೆ ಹೋದರೆ, ಕಾರ್ಡಿನ ಮೇಲಿದ್ದ ಸಂಖ್ಯೆಗೆ ಕಂಪ್ಯೂಟರಿನಲ್ಲಿ ಯಾವ ವಿವರವೂ ಇಲ್ಲ. ಕಾರ್ಡ್ ನಕಲಿ. ಹೊಸದಾಗಿ ನಿಜವಾದ ಅರ್ಜಿ ಹಾಕೋಣವೆಂದರೆ, ಮಗುವಿನ ಆಧಾರ್ ಸಂಖ್ಯೆಯಲ್ಲಿ ಈಗಾಗಲೇ ಒಂದು ಅರ್ಜಿ ಇದೆ ಎಂದು ಪೋರ್ಟಲ್ ತೋರಿಸಿತು. ಆ ಅರ್ಜಿಯಲ್ಲಿದ್ದದ್ದು ಏಜೆಂಟನ ಮೊಬೈಲ್ ನಂಬರ್. ಅವನನ್ನು ಕೇಳಿದರೆ, "ಅರ್ಜಿ ಮೇಲೆ ಸಹಿ ನಿಮ್ಮದು. ದೂರು ಕೊಟ್ಟರೆ ಜೈಲಿಗೆ ಹೋಗೋದು ನೀವೇ" ಎಂಬ ಉತ್ತರ. ಎಲ್ಲ ಸರಿಯಾಗಿ ಮಾಸಾಶನ ಮಂಜೂರಾಗುವಷ್ಟರಲ್ಲಿ ಒಂಬತ್ತು ತಿಂಗಳು ಕಳೆದಿತ್ತು. ಆ ತಿಂಗಳುಗಳ ಹಣ ಬರಲಿಲ್ಲ.

ಹೋದ ಆರು ಸಾವಿರ ಸಣ್ಣ ಮೊತ್ತವಲ್ಲ. ಆದರೆ ಅದಕ್ಕಿಂತ ದೊಡ್ಡ ಹೊಡೆತ ಕೊಟ್ಟದ್ದು ಆ ಮೊಬೈಲ್ ನಂಬರ್. ಯುಡಿಐಡಿ ಅರ್ಜಿ ಸಲ್ಲಿಸಿದ ಮೇಲೆ ನೋಂದಣಿ ಸಂಖ್ಯೆ, ಒಟಿಪಿ, ಅರ್ಜಿಯ ಸ್ಥಿತಿಯ ಸಂದೇಶ ಎಲ್ಲವೂ ಬರುವುದು ಅರ್ಜಿಯಲ್ಲಿ ಬರೆದ ನಂಬರಿಗೆ. ಅದು ಏಜೆಂಟನದಾದರೆ ಅರ್ಜಿಯ ಬೀಗದ ಕೈ ಅವನ ಜೇಬಿನಲ್ಲಿ. ಡೌನ್‌ಲೋಡ್ ಮಾಡಬೇಕೆ, ತಿದ್ದಬೇಕೆ, ಸ್ಥಿತಿ ನೋಡಬೇಕೆ, ಪ್ರತಿ ಸಲ ಅವನ ಹತ್ತಿರ ಹೋಗಬೇಕು, ಪ್ರತಿ ಸಲ ಇನ್ನೂರು ಮುನ್ನೂರು ಕೊಡಬೇಕು. "ನಿಮ್ಮ ಹತ್ರ ಸ್ಮಾರ್ಟ್‌ಫೋನ್ ಇಲ್ವಲ್ಲ, ನಮ್ದೇ ಹಾಕ್ತೀವಿ" ಎಂದು ಅವರು ಹೇಳುವುದು ಉಪಕಾರದಂತೆ ಕೇಳಿಸುತ್ತದೆ. ಒಟಿಪಿ ಬರಲು ಸ್ಮಾರ್ಟ್‌ಫೋನ್ ಬೇಕಿಲ್ಲ, ಕೀಪ್ಯಾಡ್ ಫೋನ್ ಸಾಕು. ಮನೆಯಲ್ಲಿ ಫೋನೇ ಇಲ್ಲದಿದ್ದರೆ ಒಡಹುಟ್ಟಿದವರದ್ದೋ ಹತ್ತಿರದ ನೆಂಟರದ್ದೋ ನಂಬರ್ ಕೊಡಿ. ಅರ್ಜಿ ಸಲ್ಲಿಸುವ ಬಟನ್ ಒತ್ತುವ ಮುಂಚೆ ಪರದೆಯ ಮೇಲಿನ ಮೊಬೈಲ್ ಸಂಖ್ಯೆಯನ್ನು ಗಟ್ಟಿಯಾಗಿ ಓದಿಸಿಕೊಳ್ಳಿ.

ನಿಜವಾದ ದಾರಿ ಹೀಗಿದೆ. ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಅದಕ್ಕೆ ಸರ್ಕಾರಿ ಶುಲ್ಕವಿಲ್ಲ. ಬೇಕಾದದ್ದು ಆಧಾರ್, ವಿಳಾಸದ ದಾಖಲೆ, ಇತ್ತೀಚಿನ ಫೋಟೊ, ಸಹಿ ಅಥವಾ ಹೆಬ್ಬೆಟ್ಟಿನ ಗುರುತು. ತಪಾಸಣೆಗೆ ಆಸ್ಪತ್ರೆಯನ್ನು ಅರ್ಜಿಯಲ್ಲೇ ಆರಿಸಬೇಕು. ವಾಸವಿರುವ ಜಿಲ್ಲೆಯದ್ದಾಗಬಹುದು, ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯೂ ಆಗಬಹುದು. ಆಸ್ಪತ್ರೆ ಕರೆದ ದಿನ ಹಳೆಯ ಚಿಕಿತ್ಸೆಯ ಎಲ್ಲ ಕಾಗದಗಳೊಂದಿಗೆ ಹೋಗಬೇಕು. ತಜ್ಞರು ನೋಡಿ ಶೇಕಡಾವಾರು ನಮೂದಿಸಿದ ಮೇಲೆ ಪ್ರಮಾಣಪತ್ರ ಮತ್ತು ಕಾರ್ಡ್ ಎರಡೂ ಅದೇ ಪೋರ್ಟಲ್‌ನಲ್ಲಿ ಸಿದ್ಧವಾಗುತ್ತವೆ. ಕಾರ್ಡಿನಲ್ಲಿ 18 ಅಕ್ಷರ ಮತ್ತು ಅಂಕಿಗಳ ವಿಶಿಷ್ಟ ಸಂಖ್ಯೆ ಇರುತ್ತದೆ. ಶೇ 40ಕ್ಕಿಂತ ಕಡಿಮೆಯಿದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನೀಲಿ. 2024ರ ತಿದ್ದುಪಡಿ ನಿಯಮಗಳ ಪ್ರಕಾರ ಅರ್ಜಿ ತಲುಪಿದ ಮೂರು ತಿಂಗಳೊಳಗೆ ವೈದ್ಯಕೀಯ ಪ್ರಾಧಿಕಾರ ತೀರ್ಮಾನಿಸಬೇಕು. ಅರ್ಜಿದಾರರು ಎರಡು ವರ್ಷ ತಪಾಸಣೆಗೆ ಹೋಗದೆ ಬಿಟ್ಟರೆ ಅರ್ಜಿ ನಿಷ್ಕ್ರಿಯವಾಗುತ್ತದೆ. ಏಜೆಂಟರು ಅರ್ಜಿ ಹಾಕಿ, ಆಸ್ಪತ್ರೆಯಿಂದ ಬಂದ ಸಂದೇಶವನ್ನು ತಿಳಿಸದೆ ಬಿಟ್ಟುಬಿಡುವುದರಿಂದ ಆಗುವ ಹಾನಿ ಇದೇ.

ತಪಾಸಣೆಗೆ ಬರಲೇ ಬೇಡ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ಮುಗಿಸಿ ಎದ್ದುಬನ್ನಿ. ತಪಾಸಣೆ ಇಲ್ಲದೆ ಬರುವ ಪ್ರಮಾಣಪತ್ರ ಎಷ್ಟೇ ಚೆನ್ನಾಗಿ ಮುದ್ರಿಸಿದ್ದರೂ ಖೊಟ್ಟಿ.

ಏಜೆಂಟರು ಮಾರುವುದು ಶೇಕಡಾವಾರನ್ನು. ಯಾಕೆಂದರೆ ಸೌಲಭ್ಯಗಳೆಲ್ಲ ಅದರ ಮೇಲೆಯೇ ನಿಂತಿವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹೆಚ್ಚಿನ ಸವಲತ್ತುಗಳಿಗೆ ಶೇ 40 ಗಡಿ. ಕರ್ನಾಟಕದ ಮಾಸಾಶನದಲ್ಲಿ 75 ದಾಟಿದವರಿಗೆ ಮೊತ್ತ ಹೆಚ್ಚು. ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿಗೆ ಶೇ 80 ಬೇಕು. ಆದರೆ ಶೇಕಡಾವಾರು ವೈದ್ಯರ ಮನಸ್ಸಿಗೆ ಬಂದಂತೆ ಬರೆಯುವ ಅಂಕಿಯಲ್ಲ. ಕೇಂದ್ರದ ಮಾರ್ಗಸೂಚಿಯಲ್ಲಿ ಪ್ರತಿ ವಿಕಲತೆಗೂ ಕೋಷ್ಟಕವಿದೆ. ಅದರಲ್ಲಿ ಕೆಲವು ಗೊತ್ತಿದ್ದರೆ ಎದುರಿಗಿರುವವನು ಸುಳ್ಳು ಹೇಳುತ್ತಿರುವುದು ತಕ್ಷಣ ತಿಳಿಯುತ್ತದೆ.

ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಕೋಷ್ಟಕದ ಪ್ರಕಾರ ಶೇ 30. ಯಾವ ಪ್ರಾಮಾಣಿಕ ವೈದ್ಯರೂ ಅದನ್ನು 40 ಮಾಡಲಾರರು. ಅತಿ ಹೆಚ್ಚು ಜನ ಮೋಸಹೋಗುವುದು ಇಲ್ಲೇ. ಕಿವಿಯ ವಿಷಯದಲ್ಲೂ ಹೀಗೆಯೇ: ಕಾಯ್ದೆ ನೋಡುವುದು ಎರಡೂ ಕಿವಿಗಳನ್ನು, ಶ್ರವಣ ನಷ್ಟ 60 ಡೆಸಿಬಲ್‌ನಿಂದ ಇದ್ದರೆ ಮಂದ ಶ್ರವಣ, 70ರಿಂದ ಕಿವುಡು. ಒಂದು ಕಿವಿ ಮಾತ್ರ ಕೇಳಿಸದವರಿಗೆ "ಮಾಡಿಸಿಕೊಡ್ತೀವಿ" ಎಂದರೆ ನಂಬಬಾರದು. ಬೌದ್ಧಿಕ ವಿಕಲತೆಯಲ್ಲಿ ಮನಃಶಾಸ್ತ್ರಜ್ಞರ ಪರೀಕ್ಷೆಯಾಗಿ, ಸೌಮ್ಯ ಮಟ್ಟಕ್ಕೆ 50, ಮಧ್ಯಮ ಮಟ್ಟಕ್ಕೆ 75 ಎಂದು ನಿಗದಿಯಾಗಿದೆ. ಆ ತಾಯಿಗೆ ಏಜೆಂಟ್ ಮಾರಿದ "75" ಯಾವ ಪರೀಕ್ಷೆಯೂ ಇಲ್ಲದ 75. ಕೊನೆಗೆ ಸರಿಯಾದ ತಪಾಸಣೆಯಲ್ಲಿ ಮಗುವಿಗೆ ಬಂದದ್ದೂ ಶೇ 75ರೇ. ಒಂದು ಪೈಸೆ ಕೊಡದೆ ಸಿಗಬೇಕಾದದ್ದಕ್ಕೆ ಆಕೆ ಆರು ಸಾವಿರ ತೆತ್ತು, ಮುಕ್ಕಾಲು ವರ್ಷ ಕಳೆದುಕೊಂಡರು.

ಎರಡು ವಿಕಲತೆ ಇರುವವರಿಗೆ ಹೇಳುವ ಸುಳ್ಳು ಬೇರೆ: "40 ಒಂದು, 30 ಒಂದು, ಕೂಡಿಸಿದ್ರೆ 70". ಲೆಕ್ಕ ಹಾಗಲ್ಲ. ದೊಡ್ಡ ಸಂಖ್ಯೆಯನ್ನು 90ರಿಂದ ಕಳೆದು, ಉಳಿದದ್ದನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಸಂಖ್ಯೆಗೆ ಸೇರಿಸಬೇಕು. 40 ಮತ್ತು 30 ಇದ್ದರೆ ಬರುವುದು ಸುಮಾರು 57. ಇದನ್ನು ಮೊದಲೇ ಕೂತು ಲೆಕ್ಕ ಹಾಕಿದರೆ ವ್ಯರ್ಥ ಆಸೆಯೂ ಇರುವುದಿಲ್ಲ, ಆಸೆ ತೋರಿಸುವವನ ಕೈಗೂ ಸಿಗುವುದಿಲ್ಲ.

"ಪರ್ಮನೆಂಟ್ ಬೇಕಾದ್ರೆ ಎರಡು ಸಾವಿರ ಜಾಸ್ತಿ" ಎಂಬುದೂ ನಡೆಯುತ್ತದೆ. ಸ್ಥಿತಿ ಬದಲಾಗುವ ಸಾಧ್ಯತೆ ಇದ್ದರೆ ವೈದ್ಯರು ಅವಧಿ ಹಾಕಿ ಕೊಡುತ್ತಾರೆ, ಇಲ್ಲದಿದ್ದರೆ ಕಾಯಂ. ಕಲಿಕಾ ನ್ಯೂನತೆಯ ಮಕ್ಕಳಿಗೆ ಎಂಟನೇ ವಯಸ್ಸಿನಲ್ಲಿ ಕೊಟ್ಟದ್ದನ್ನು ಹದಿನಾಲ್ಕರಲ್ಲಿ ಮತ್ತೆ ಮಾಡಿಸಬೇಕು, ಹದಿನೆಂಟರಲ್ಲಿ ಮಾಡಿಸಿದ್ದು ಜೀವನಪರ್ಯಂತ ನಡೆಯುತ್ತದೆ. ಇದರಲ್ಲಿ ದುಡ್ಡಿಗೆ ಜಾಗವಿಲ್ಲ.

ಹಾಗಾದರೆ ಸಹಾಯ ಯಾರಿಂದ ಪಡೆಯಬೇಕು? ಒಬ್ಬರೇ ಮಾಡಿಕೊಳ್ಳಿ ಎಂದು ಹೇಳುವುದು ಸುಲಭ. ಗಾಲಿಕುರ್ಚಿಯಲ್ಲಿರುವವರಿಗೆ, ಓದುಬರಹ ಬಾರದವರಿಗೆ, ಮಗುವನ್ನು ಒಂದು ಗಳಿಗೆ ಬಿಟ್ಟುಹೋಗಲಾರದ ತಾಯಂದಿರಿಗೆ ಸಹಾಯ ಬೇಕೇ ಬೇಕು. ನಮ್ಮ ರಾಜ್ಯದಲ್ಲಿ ಅದಕ್ಕೆಂದೇ ಜನ ಇದ್ದಾರೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಜನ ಅವರನ್ನು ವಿಆರ್‌ಡಬ್ಲ್ಯೂ, ಎಂಆರ್‌ಡಬ್ಲ್ಯೂ ಎಂದೇ ಕರೆಯುತ್ತಾರೆ. ಅವರಲ್ಲಿ ಹೆಚ್ಚಿನವರು ಸ್ವತಃ ವಿಕಲಚೇತನರು, ಈ ದಾರಿಯನ್ನು ನಡೆದು ಬಂದವರು. ಗೌರವಧನ ಸರ್ಕಾರ ಕೊಡುತ್ತದೆ, ನೀವು ಕೊಡಬೇಕಿಲ್ಲ. ಪಂಚಾಯಿತಿ ಕಚೇರಿಯಲ್ಲಿ ಕೇಳಿದರೆ ಅವರ ಹೆಸರು ನಂಬರ್ ಸಿಗುತ್ತದೆ. ಅವರ ಮೇಲೆ ಜಿಲ್ಲೆಯಲ್ಲಿ ವಿಕಲಚೇತನರ ಕಲ್ಯಾಣಾಧಿಕಾರಿ ಇದ್ದಾರೆ. ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳಲ್ಲಿ ಸಣ್ಣ ಸೇವಾ ಶುಲ್ಕ ಇರುತ್ತದೆ, ರಸೀದಿ ಕೊಡುತ್ತಾರೆ. ರಸೀದಿ ಕೊಡದ ಕಡೆ ಹಣ ಕೊಡಬೇಡಿ.

ಖಾಸಗಿಯವರ ಹತ್ತಿರ ಹೋಗಲೇಬೇಕಾಗಿ ಬಂದರೆ ಒಂದು ವಿಷಯದಲ್ಲಿ ಬಿಗಿಯಾಗಿರಿ: ಮೂಲ ದಾಖಲೆ ಯಾವುದನ್ನೂ ಬಿಟ್ಟುಬರಬೇಡಿ. ಆಧಾರ್, ಪಡಿತರ ಚೀಟಿ, ಪಾಸ್‌ಬುಕ್ ಇವುಗಳ ನಕಲು ಕೊಟ್ಟರೆ ಸಾಕು, ನಕಲಿನ ಮೇಲೆ ಯಾವ ಉದ್ದೇಶಕ್ಕೆ ಎಂದು ಬರೆದು ತಾರೀಖು ಹಾಕಿ. ಖಾಲಿ ಕಾಗದ, ಖಾಲಿ ಅರ್ಜಿ, ಬ್ಯಾಂಕಿನ ಖಾಲಿ ಹಣ ತೆಗೆಯುವ ಚೀಟಿ ಇವುಗಳಿಗೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬೇಡಿ. ಸಲ್ಲಿಸಿದ ಅರ್ಜಿಯ ಪ್ರತಿ ಮತ್ತು ಸ್ವೀಕೃತಿ ಅದೇ ದಿನ ಕೈಗೆ ಬರಬೇಕು.

ಮಾಸಾಶನದ ಹಂತದಲ್ಲಿ ಬೇರೆಯದೇ ಮೋಸ. ಅರ್ಜಿ ನಾಡಕಚೇರಿಯಲ್ಲಿ, ಸ್ಥಳ ಪರಿಶೀಲನೆ ಗ್ರಾಮ ಆಡಳಿತ ಅಧಿಕಾರಿ ಮತ್ತು ಕಂದಾಯ ನಿರೀಕ್ಷಕರಿಂದ, ಮಂಜೂರಾತಿ ತಹಶೀಲ್ದಾರರಿಂದ. ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ಸಣ್ಣ ಕಾರಣಗಳಿಗೆ: ಆಧಾರ್‌ನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು; ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುವುದು; ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿರುವುದು. ಹೆಸರಿನ ವ್ಯತ್ಯಾಸವನ್ನು ಯುಡಿಐಡಿ ಅರ್ಜಿಗೂ ಮೊದಲೇ ಸರಿಮಾಡಿಸಿದರೆ ಮುಂದಿನ ಅರ್ಧ ತೊಂದರೆ ತಪ್ಪುತ್ತದೆ. ಏಜೆಂಟರು ಇದನ್ನು ಹೇಳುವುದಿಲ್ಲ. ಅರ್ಜಿ ತಿರಸ್ಕಾರವಾದರೆ ಮತ್ತೆ ಹಾಕಲು ಅವರಿಗೆ ಮತ್ತೆ ದುಡ್ಡು.

ಅದಕ್ಕಿಂತ ಕ್ರೂರವಾದದ್ದು, ಹಣ ಬರಲು ಶುರುವಾದ ಮೇಲೆ ನಡೆಯುವುದು. ಏಜೆಂಟನೇ ಖಾತೆ ತೆರೆಸಿ ತನ್ನ ಮೊಬೈಲ್ ನಂಬರ್ ಕೊಟ್ಟಿರುತ್ತಾನೆ, ಎಟಿಎಂ ಕಾರ್ಡ್ ತಾನೇ ಇಟ್ಟುಕೊಂಡಿರುತ್ತಾನೆ. ಇಲ್ಲವೇ ತಿಂಗಳಿಗೊಮ್ಮೆ ಬೆರಳಚ್ಚು ಯಂತ್ರ ತಂದು "ಹಾಜರಾತಿ" ಎಂದು ಹೇಳಿ ಬೆರಳು ಇಡಿಸಿಕೊಂಡು ಹಣ ತೆಗೆಯುತ್ತಾನೆ. ಮಾಸಾಶನಕ್ಕೆ ತಿಂಗಳ ಹಾಜರಾತಿ ಎಂಬುದಿಲ್ಲ. ಬೆರಳಿಟ್ಟ ಪ್ರತಿ ಸಲವೂ ಚೀಟಿ ಕೇಳಿ, ಪಾಸ್‌ಬುಕ್ ಮುದ್ರಿಸಿಕೊಳ್ಳಿ. ಆಧಾರ್ ಆ್ಯಪ್‌ನಿಂದ ಬೆರಳಚ್ಚಿಗೆ ಬೀಗ ಹಾಕಬಹುದು, ಸಹಾಯಕ್ಕೆ 1947ಕ್ಕೆ ಕರೆ ಮಾಡಬಹುದು.

ವಕೀಲರ ಬಗ್ಗೆಯೂ ಹೇಳಬೇಕು. ಅಪಘಾತದಿಂದ ವಿಕಲತೆ ಬಂದವರ ಮನೆಗೆ ಆಸ್ಪತ್ರೆಯಿಂದಲೇ ವಿಳಾಸ ಹುಡುಕಿಕೊಂಡು ಬಂದು, "ಪರಿಹಾರ ಬಂದ್ಮೇಲೆ ಮೂವತ್ತು ಪರ್ಸೆಂಟ್ ಕೊಡಿ, ಈಗೇನೂ ಬೇಡ" ಎನ್ನುವವರಿದ್ದಾರೆ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ ಪ್ರಕಾರ ಪ್ರಕರಣದ ಫಲಿತಾಂಶದ ಮೇಲೆ ಶುಲ್ಕ ಗೊತ್ತುಮಾಡುವುದು, ಬಂದ ಹಣದಲ್ಲಿ ಪಾಲು ಕೇಳುವುದು ನಿಷಿದ್ಧ. ದಲ್ಲಾಳಿಗಳ ಮೂಲಕ ಕಕ್ಷಿದಾರರನ್ನು ಹಿಡಿಯುವುದೂ ನಿಷಿದ್ಧ. ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ವಿಕಲಚೇತನರಿಗೆ ಉಚಿತ ವಕೀಲರ ನೆರವು ಹಕ್ಕಾಗಿ ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಯುಡಿಐಡಿಗೆ, ಮಾಸಾಶನದ ಅರ್ಜಿಗೆ ವಕೀಲರೇ ಬೇಕಿಲ್ಲ. ಶೇಕಡಾವಾರು ಕಡಿಮೆಯಾಯಿತು ಎನಿಸಿದರೆ ಅದಕ್ಕೆ ಮೇಲ್ಮನವಿಯ ಅವಕಾಶ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 59ನೇ ಕಲಮಿನಲ್ಲಿದೆ. ಏಜೆಂಟನಿಗೆ ದುಡ್ಡು ಕೊಟ್ಟು ಬೇರೆ ಜಿಲ್ಲೆಯಲ್ಲಿ ಮತ್ತೊಂದು ಪ್ರಮಾಣಪತ್ರ ಮಾಡಿಸುವುದು ಮೇಲ್ಮನವಿಯಲ್ಲ, ಅಪರಾಧ.

ಈಗಾಗಲೇ ಸಿಕ್ಕಿಬಿದ್ದವರಿಗೆ: ನಕಲಿ ಕಾರ್ಡನ್ನು ಹರಿದು ಹಾಕಬೇಡಿ, ಬಳಸಲೂ ಬೇಡಿ. ಅದೇ 2016ರ ಕಾಯ್ದೆಯ 91ನೇ ಕಲಮಿನಲ್ಲಿ ಮೋಸದಿಂದ ಸೌಲಭ್ಯ ಪಡೆದವರಿಗೆ, ಪಡೆಯಲು ಯತ್ನಿಸಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಏಜೆಂಟರು ಹೆದರಿಸುವುದು ಇದನ್ನೇ ಹಿಡಿದುಕೊಂಡು. ಆದರೆ ಆ ಕಲಮು ಬೇಕೆಂದೇ ವಂಚಿಸಿದವರಿಗೆ. ಮೋಸಹೋದವರು ಗೊತ್ತಾದ ಕೂಡಲೇ ತಾವಾಗಿಯೇ ಲಿಖಿತವಾಗಿ ತಿಳಿಸಿದರೆ ಅವರ ಪ್ರಾಮಾಣಿಕತೆಗೆ ಆ ಕಾಗದವೇ ಸಾಕ್ಷಿ. ಜಿಲ್ಲಾ ಕಲ್ಯಾಣಾಧಿಕಾರಿಗೆ ಒಂದು ಅರ್ಜಿ ಬರೆಯಿರಿ: ಯಾವ ದಿನ, ಎಲ್ಲಿ, ಎಷ್ಟು ಹಣ, ಯಾವ ನಂಬರಿಗೆ ಕಳಿಸಿದ್ದು, ಪೋರ್ಟಲ್‌ನಲ್ಲಿ ಯಾರ ಮೊಬೈಲ್ ಸಂಖ್ಯೆ ಇದೆ. ಆ ಸಂಖ್ಯೆಯನ್ನು ಬದಲಿಸಿಕೊಡಿ, ಹಳೆಯ ಅರ್ಜಿಯನ್ನು ಸರಿಪಡಿಸಿ ಅಥವಾ ರದ್ದುಮಾಡಿ ಎಂದು ಅದರಲ್ಲೇ ಕೇಳಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಕಚೇರಿಯ ಮುದ್ರೆ ಹಾಕಿಸಿಕೊಳ್ಳಿ. ಫೋನ್‌ಪೇ, ಗೂಗಲ್ ಪೇ ಮೂಲಕ ಹಣ ಕೊಟ್ಟಿದ್ದರೆ ಅದರ ಚಿತ್ರ ಮುದ್ರಿಸಿ ಲಗತ್ತಿಸಿ. ಅದೇ ಪ್ರತಿಯೊಂದಿಗೆ ಪೊಲೀಸ್ ಠಾಣೆಯಲ್ಲಿ ವಂಚನೆಯ ದೂರು ಕೊಡಿ. ಸರ್ಕಾರಿ ನೌಕರರೊಬ್ಬರು ಲಂಚ ಕೇಳಿದ್ದಾದರೆ ಲೋಕಾಯುಕ್ತಕ್ಕೆ. ಒಂದು ತಿಂಗಳಾದರೂ ಕಚೇರಿ ಅಲುಗಾಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿಯ ಸ್ಥಿತಿ ಕೇಳಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಕೊಡಬೇಕು. ಅದಕ್ಕೂ ಬಗ್ಗದಿದ್ದರೆ ವಿಕಲಚೇತನರ ಹಕ್ಕುಗಳ ರಾಜ್ಯ ಆಯುಕ್ತರಿಗೆ ದೂರು ಬರೆಯಿರಿ.

ಆ ತಾಯಿಯ ಅರ್ಜಿಗೆ ಜೀವ ಬಂದದ್ದು ಮುದ್ರೆ ಹಾಕಿಸಿಕೊಂಡ ಅಂಥದ್ದೊಂದು ಹಾಳೆಯಿಂದ. ಅದನ್ನು ಬರೆದುಕೊಟ್ಟವರು ಪಕ್ಕದ ಪಂಚಾಯಿತಿಯ ವಿಆರ್‌ಡಬ್ಲ್ಯೂ. ಮೊಬೈಲ್ ಸಂಖ್ಯೆ ಬದಲಾದ ವಾರದಲ್ಲೇ ಆಸ್ಪತ್ರೆಯಿಂದ ತಪಾಸಣೆಯ ದಿನದ ಸಂದೇಶ ಆಕೆಯ ಕೀಪ್ಯಾಡ್ ಫೋನಿಗೆ ಬಂತು.