ಹೋದ ಸಲದ ಖಾಲಿ ಶೀಟ್ ತೋರಿಸಿ ಮಾತ್ರೆ ತಂದೆ, ಅಮ್ಮನ ಉಸಿರಿಗೇ ಬಂತು

ಇದನ್ನು ಬರೆಯೋಕೆ ನನಗೇ ನಾಚಿಕೆ. ಮೆಡಿಕಲ್ ಶಾಪಿನವರದೂ ತಪ್ಪಿದೆ, ಆದರೆ ಮುಕ್ಕಾಲು ಪಾಲು ನನ್ನದೇ. ದಾವಣಗೆರೆಯ ನಮ್ಮ ಓಣಿಯಲ್ಲೇ ಇನ್ನೂ ನಾಲ್ಕು ಮನೆಯವರು ಹೀಗೆಯೇ ಮಾಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವಿರುವುದು ವಿನೋಬನಗರದಲ್ಲಿ. ಅಮ್ಮನಿಗೆ 63 ವರ್ಷ, ಶುಗರ್ ಶುರುವಾಗಿ 12 ವರ್ಷ. ಒಂದು ಭಾನುವಾರ ಸಂಜೆ ಅವರಿಗೆ ಉರಿಮೂತ್ರ, ಕಿಬ್ಬೊಟ್ಟೆ ನೋವು, ಜೊತೆಗೆ ಸಣ್ಣ ಜ್ವರ. ಹೋದ ವರ್ಷವೂ ಹೀಗೇ ಆಗಿತ್ತು. ಆಗ ಡಾಕ್ಟರು ಸೆಫಿಕ್ಸಿಮ್ 200 ಅನ್ನುವ ಆಂಟಿಬಯೋಟಿಕ್ ಮಾತ್ರೆ ಬರೆದುಕೊಟ್ಟಿದ್ದರು, ವಾಸಿಯೂ ಆಗಿತ್ತು. ಅದರ ಖಾಲಿ ಶೀಟ್ ಅಮ್ಮನ ಮಾತ್ರೆ ಡಬ್ಬಿಯಲ್ಲೇ ಇತ್ತು. ಭಾನುವಾರ ಕ್ಲಿನಿಕ್ ಬಾಗಿಲು ಹಾಕಿರುತ್ತದೆ. ಶೀಟ್ ಜೇಬಿಗೆ ಹಾಕಿಕೊಂಡು ಬೈಕ್ ಹತ್ತಿದೆ. ದೊಡ್ಡ ಬುದ್ಧಿವಂತ ನಾನು.

ಅಂಗಡಿ ಹುಡುಗ ಶೀಟ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಫುಲ್ ಶೀಟ್ ಕೊಡ್ಲಾ ಅಣ್ಣ, ಐದು ಸಾಕಾ?" ಯಾರಿಗೆ, ಏನು ಕಾಯಿಲೆ, ಡಾಕ್ಟರ ಚೀಟಿ ಎಲ್ಲಿ, ಮೊದಲು ಯಾವುದಾದರೂ ಔಷಧಿ ಆಗದೇ ಹೋಗಿತ್ತಾ, ಏನೂ ಕೇಳಲಿಲ್ಲ. ಬಿಲ್ಲೂ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಭಾನುವಾರ ರಾತ್ರಿ ಒಂದು, ಸೋಮವಾರ ಬೆಳಿಗ್ಗೆ ಒಂದು. ಜ್ವರ ಇಳಿದಂತೆ ಕಂಡಿತು. ಸೋಮವಾರ ರಾತ್ರಿ ಮೂರನೆಯದು ತಗೊಂಡು ಮಲಗಿದ ಮೇಲೆ ಅಮ್ಮ ಕೈ ಕೆರೆದುಕೊಳ್ಳೋಕೆ ಶುರು ಮಾಡಿದರು. ಸೊಳ್ಳೆ ಇರಬೇಕು ಅಂದುಕೊಂಡೆವು. ಬೆಳಿಗ್ಗೆ ನೋಡಿದರೆ ತೋಳು, ಹೊಟ್ಟೆ, ಬೆನ್ನಿನ ಮೇಲೆಲ್ಲ ಕೆಂಪಗೆ ದದ್ದು. ಪಕ್ಕದ ಮನೆ ಅಜ್ಜಿ ಬಂದು ನೋಡಿ, "ಪಿತ್ತಗಂಧೆ ಎದ್ದೈತಿ, ಕಂಬಳಿ ತಗೊಂಡು ತಿಕ್ಕಪ್ಪ, ಹೋಗ್ತೈತಿ" ಅಂದರು. ಕಂಬಳಿ ತಂದು ತಿಕ್ಕಿದ್ದೂ ಆಯಿತು. ನನ್ನ ಹೆಂಡತಿ ಮಾತ್ರ, "ಗುಳಿಗೆ ನಿಲ್ಸ್ರಿ, ಡಾಕ್ಟ್ರಿಗೆ ಫೋನ್ ಮಾಡ್ರಿ" ಅಂತ ಎರಡು ಸಲ ಹೇಳಿದಳು. ಹೋದ ವರ್ಷ ಇದೇ ಮಾತ್ರೆಗೆ ಏನೂ ಆಗಿರಲಿಲ್ಲವಲ್ಲ, ಮಾತ್ರೆಯಿಂದ ಅಲ್ಲ ಬಿಡು ಅಂದೆ. ನಾಲ್ಕನೆಯದನ್ನು ನನ್ನ ಕೈಯಾರೆ ಕೊಟ್ಟೆ.

ಅರ್ಧ ಗಂಟೆಯೂ ಆಗಿರಲಿಲ್ಲ. ಅಮ್ಮನ ತುಟಿ ಊದಿತು. ಆಮೇಲೆ ಕಣ್ಣ ರೆಪ್ಪೆ. ಮಾತಾಡಿದರೆ ದನಿ ಗೊಗ್ಗರು. ಉಸಿರು ಎಳೆದರೆ ಸುಯ್ ಸುಯ್ ಅನ್ನುವ ಸದ್ದು. "ಗಂಟಲು ಕಟ್ಟಿದಂಗಾಗ್ತೈತಿ" ಅಂದವರು ಹಾಗೇ ಗೋಡೆಗೆ ಒರಗಿದರು. ನಾನು ಅಲರ್ಜಿ ಮಾತ್ರೆ ಸೆಟಿರಿಜಿನ್ ಹುಡುಕುತ್ತಾ ಡಬ್ಬಿ ತಡಕಾಡುತ್ತಿದ್ದೆ. ಹೆಂಡತಿ ಅಷ್ಟರಲ್ಲಿ ಆಟೋ ನಿಲ್ಲಿಸಿದ್ದಳು. ಅವಳ ಪುಣ್ಯ.

ಆಸ್ಪತ್ರೆಯಲ್ಲಿ ಮೊದಲು ಮಾಡಿದ ಕೆಲಸ, ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್. ಆಮೇಲೆ ಆಕ್ಸಿಜನ್, ಡ್ರಿಪ್. ಬಿಪಿ ತುಂಬ ಇಳಿದಿತ್ತು. ಇದಕ್ಕೆ ಅನಾಫಿಲಾಕ್ಸಿಸ್ ಅನ್ನುತ್ತಾರಂತೆ, ಅಲರ್ಜಿಯಲ್ಲಿ ಜೀವಕ್ಕೇ ಕುತ್ತು ತರುವ ಬಗೆ. ಸೆಟಿರಿಜಿನ್ ತುರಿಕೆಗೆ ಸರಿ, ಮುಚ್ಚಿಕೊಳ್ಳುತ್ತಿರುವ ಗಂಟಲನ್ನು ಅದು ಬಿಡಿಸುವುದಿಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು. ಮುಖ ಊದಿದರೆ, ಉಸಿರು ಕಟ್ಟಿದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ 108ಕ್ಕೆ ಫೋನ್ ಮಾಡಬೇಕು, ಇಲ್ಲವೇ ಸಿಕ್ಕ ಗಾಡಿಯಲ್ಲಿ ಹೊರಡಬೇಕು. ಅಮ್ಮ ಗೆಲುವಾದ ಮೇಲೂ ಒಂದು ದಿನ ಇಟ್ಟುಕೊಂಡರು. ಕೆಲವರಿಗೆ ಕೆಲವು ಗಂಟೆ ಬಿಟ್ಟು ಎರಡನೇ ಸಲ ಬರುವುದುಂಟಂತೆ.

ಡಾಕ್ಟರು ಅಮ್ಮನನ್ನು ಕೇಳಿದರು, "ಮೊದಲು ಯಾವತ್ತಾದರೂ ಸೂಜಿ ಮಾಡಿಸಿಕೊಂಡಾಗ ಹೀಗೆ ಆಗಿತ್ತೇನಮ್ಮಾ?" ಅಮ್ಮ ನಿಧಾನಕ್ಕೆ ಹೇಳಿದರು. ಮದುವೆಗೆ ಮುಂಚೆ, ಜಗಳೂರು ಕಡೆ ಅವರ ಊರಲ್ಲಿ, ಪೆನಿಸಿಲಿನ್ ಸೂಜಿ ಹಾಕಿಸಿಕೊಂಡು ಮೈಯೆಲ್ಲ ಊದಿ ಎಚ್ಚರ ತಪ್ಪಿತ್ತಂತೆ. ನನಗೆ 38 ವರ್ಷ. ಈ ಮಾತು ನಾನು ಕೇಳಿದ್ದು ಅವತ್ತೇ ಮೊದಲು. "ಯಾರೂ ಕೇಳ್ಲಿಲ್ಲಲ್ಲೋ" ಅಂದರು ಅಮ್ಮ.

ಸೆಫಿಕ್ಸಿಮ್ ಸೆಫಲೋಸ್ಪೋರಿನ್ ಅನ್ನುವ ಆಂಟಿಬಯೋಟಿಕ್ ಮನೆತನದ್ದು. ಪೆನಿಸಿಲಿನ್ನೂ ಸೆಫಲೋಸ್ಪೋರಿನ್ನೂ ದಾಯಾದಿಗಳು. ಎರಡೂ ಮೂಲದಲ್ಲಿ ಬೂಷ್ಟಿನಿಂದ ಬಂದವು. ಸೆಫಲೋಸ್ಪೋರಿನ್ ಕೊಡುವ ಬೂಷ್ಟು ಸಿಕ್ಕಿದ್ದು 1945ರಲ್ಲಿ, ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ, ಊರ ಚರಂಡಿ ಸಮುದ್ರ ಸೇರುವ ಜಾಗದಲ್ಲಂತೆ. ಎರಡರ ಒಳರಚನೆಯಲ್ಲೂ ಒಂದೇ ತರಹದ ಉಂಗುರ ಇದೆ. ಪೆನಿಸಿಲಿನ್ ಆಗದ 100 ಜನರಲ್ಲಿ 10 ಮಂದಿಗೆ ಇದೂ ಆಗುವುದಿಲ್ಲ ಎಂದು ಹಿಂದೆ ಹೇಳುತ್ತಿದ್ದರು. ಈಗಿನ ಲೆಕ್ಕ ಸುಮಾರು 2, ಅಥವಾ ಇನ್ನೂ ಕಡಿಮೆ. ಹಾಗಾಗಿ ಪೆನಿಸಿಲಿನ್ ಅಲರ್ಜಿ ಇದ್ದವರೆಲ್ಲ ಇದನ್ನು ಮುಟ್ಟಲೇಬಾರದು ಅಂತಲ್ಲ. ಆದರೆ ಹಿಂದೆ ಜೋರಾಗಿ ರಿಯಾಕ್ಷನ್ ಆಗಿದ್ದರೆ ಬರೆದುಕೊಡುವ ಡಾಕ್ಟರಿಗೆ ಅದು ಗೊತ್ತಿರಲೇಬೇಕು. ದಾಯಾದಿ ಸಂಬಂಧವೇ ಇಲ್ಲದೆ ಸೆಫಿಕ್ಸಿಮ್ ಒಂದಕ್ಕೇ ಅಲರ್ಜಿ ಆಗುವುದೂ ಉಂಟು. ಮತ್ತೆ, ನನ್ನ ಆ ದೊಡ್ಡ ವಾದ, ಹೋದ ಸಲ ಏನೂ ಆಗಿರಲಿಲ್ಲ ಅನ್ನೋದು? ಡಾಕ್ಟರು ನಕ್ಕರು. ಮೊದಲ ಸಲ ಮೈ ಅದನ್ನು ಗುರುತಿಟ್ಟುಕೊಳ್ಳುತ್ತದೆ, ಜಗಳ ತೆಗೆಯುವುದು ಮುಂದಿನ ಸಲ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಉರಿಮೂತ್ರ ಹಾಗೇ ಇತ್ತು. ಯಾವ ಬ್ಯಾಕ್ಟೀರಿಯಾ ಅಂತ ತಿಳಿಯಲು ಯೂರಿನ್ ಕಲ್ಚರ್ ಮಾಡಿಸಿದರು. ಏನೂ ಬೆಳೆದಿಲ್ಲ ಅಂತ ರಿಪೋರ್ಟ್ ಬಂತು. ನಾಲ್ಕು ಮಾತ್ರೆ ಮೊದಲೇ ಹೊಟ್ಟೆಗೆ ಹೋಗಿತ್ತಲ್ಲ, ಬ್ಯಾಕ್ಟೀರಿಯಾ ಸಾಯದೆ, ಸಿಕ್ಕಿಯೂ ಬೀಳದೆ ಅಡಗಿ ಕೂತಿತ್ತು. ಆಂಟಿಬಯೋಟಿಕ್‌ಗೆ ಮುಂಚೆ ಮೂತ್ರ ಕೊಟ್ಟಿದ್ದರೆ ಯಾವುದು, ಯಾವ ಔಷಧಿಗೆ ಬಗ್ಗುತ್ತದೆ ಎರಡೂ ಗೊತ್ತಾಗುತ್ತಿತ್ತು. ಕೊನೆಗೆ ಬೇರೆ ಜಾತಿಯ ಔಷಧಿಯನ್ನು ಅಂದಾಜಿನ ಮೇಲೆ ಕೊಡಬೇಕಾಯಿತು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ ಕೂಡ ರಕ್ತದಲ್ಲಿ ಸ್ವಲ್ಪ ಜಾಸ್ತಿ ಬಂತು. ಕಿಡ್ನಿ ಮಂದವಾಗಿದ್ದರೆ ಸೆಫಿಕ್ಸಿಮ್ ಡೋಸ್ ಇಳಿಸಬೇಕಾಗಬಹುದು. ಹೋದ ವರ್ಷದ ಡೋಸ್ ಹೋದ ವರ್ಷದ ಕಿಡ್ನಿಗೆ ಬರೆದದ್ದು.

ಮನೆಗೆ ಬಂದ ಮೇಲೆ ಆ ಶೀಟ್ ತಿರುಗಿಸಿ ನೋಡಿದೆ. ಎಡಗಡೆ ಉದ್ದಕ್ಕೂ ಕೆಂಪು ಗೆರೆ. ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ ಅನ್ನುವ ಗುರುತು ಅದು. ಸೆಫಿಕ್ಸಿಮ್ ಅಂಥವನ್ನು 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್1 ಅನ್ನುವ ಪಟ್ಟಿಯಲ್ಲಿ ಇಟ್ಟಿದ್ದಾರೆ. ಅಂಗಡಿಯವರು ಬರೆದುಕೊಟ್ಟ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ ಅನ್ನೋದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಟ್ಟಿರಬೇಕು. ನಮ್ಮ ಹುಡುಗ ಎಲ್ಲಿ ಬರೆದನೋ, ಯಾರ ಹೆಸರು ಬರೆದನೋ.

ಇನ್ನೊಂದು ವಿಷಯ. ದೊಡ್ಡ ಅಕ್ಷರದಲ್ಲಿ ಕಂಪನಿ ಇಟ್ಟ ಹೆಸರು ನೋಡಿ ಮೋಸ ಹೋಗಬೇಡಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದಿ. ಸೆಫಿಕ್ಸಿಮ್, ಸೆಫ್‌ಪೊಡಾಕ್ಸಿಮ್, ಸೆಫುರಾಕ್ಸಿಮ್, ಸೆಫಲೆಕ್ಸಿನ್, ಸೂಜಿಯಲ್ಲಿ ಕೊಡುವ ಸೆಫ್ಟ್ರಿಯಾಕ್ಸೋನ್, ಎಲ್ಲ ಒಂದೇ ಮನೆತನ. ಅಮ್ಮನಿಗೆ ಈಗ ಡಾಕ್ಟರನ್ನು ಕೇಳದೆ ಇವುಗಳಲ್ಲಿ ಯಾವುದೂ ಇಲ್ಲ. ಔಷಧಿಯೇ ಕೆಟ್ಟದ್ದು ಅಂತ ಹೇಳುತ್ತಿಲ್ಲ, ಟೈಫಾಯ್ಡ್‌ನಂಥ ಕಾಯಿಲೆಗೂ ಇದನ್ನೇ ಕೊಡುತ್ತಾರೆ. ನೆಗಡಿ, ಫ್ಲೂ, ಡೆಂಗಿಗೆ ಮಾತ್ರ ಇದರಿಂದ ನಯಾಪೈಸೆ ಉಪಯೋಗವಿಲ್ಲ, ಅವು ವೈರಸ್‌ನಿಂದ ಬರುವಂಥವು. ಆಂಟಿಬಯೋಟಿಕ್ ಮುಗಿದ ಮೇಲೆ ನೀರಿನಂಥ ಭೇದಿ, ಇಲ್ಲವೇ ರಕ್ತ ಬಿದ್ದರೆ ಭೇದಿ ನಿಲ್ಲಿಸುವ ಮಾತ್ರೆ ನುಂಗದೆ ಡಾಕ್ಟರಿಗೆ ತೋರಿಸಿ. ಎರಡು ತಿಂಗಳು ಬಿಟ್ಟು ಬಂದರೂ ಅಷ್ಟೇ.

ಒಂದು ರಟ್ಟಿನ ಚೂರಿನ ಮೇಲೆ "ಸೆಫಿಕ್ಸಿಮ್, ಪೆನಿಸಿಲಿನ್ ಆಗುವುದಿಲ್ಲ" ಎಂದು ದಪ್ಪಗೆ ಬರೆದುಕೊಟ್ಟೆ. ಅಮ್ಮ ಅದನ್ನು ಎಲೆಅಡಿಕೆ ಸಂಚಿಯಲ್ಲಿ ಇಟ್ಟುಕೊಂಡಿದ್ದಾರೆ. ಸಂಚಿ ಬಿಟ್ಟು ಅವರು ಎಲ್ಲಿಗೂ ಹೋಗುವುದಿಲ್ಲ.

ಮೊನ್ನೆ ಪಕ್ಕದ ಮನೆ ಅಜ್ಜಿ ಬಂದಿದ್ದರು, ಅಮ್ಮನನ್ನು ಮಾತಾಡಿಸಲು. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು, "ಆ ಗುಳಿಗಿ ಇನ್ನೂ ಆರು ಉಳದಾವಲ್ಲಪ್ಪ, ನಮ್ಮ ಮೊಮ್ಮಗನಿಗೆ ನೆಗಡಿ, ಕೊಡ್ತೀಯೇನು?"