ಕೊಳವೆಬಾವಿ ಮರುಪೂರಣ ಮಾಡಿಸಿ ಒಂದು ವರ್ಷ: ಗುಂಡಿಗೆ ನಾಲ್ಕು ನಕ್ಷತ್ರ, ಮಾತಿಗೆ ಎರಡು

ಮೂವತ್ತನಾಲ್ಕು ವರ್ಷ ಕಂಬ ಹತ್ತಿದವನು ನಾನು. ಲೈನ್‌ಮನ್ ಆಗಿ ನಿವೃತ್ತನಾದ ಮೇಲೆ ಹಿರಿಯೂರು ತಾಲ್ಲೂಕಿನ ನಮ್ಮ ನಾಲ್ಕು ಎಕರೆಯಲ್ಲಿ ತೆಂಗು, ಒಂದಿಷ್ಟು ಅಡಿಕೆ ನೋಡಿಕೊಂಡಿದ್ದೇನೆ. ಯಾರು ಏನು ಹೇಳಿದರೂ ಮೀಟರ್ ಹಿಡಿದು ನೋಡದೆ ನಂಬುವ ಅಭ್ಯಾಸ ನನಗಿಲ್ಲ. 2024ರ ಮಾರ್ಚ್‌ನಲ್ಲಿ 42 ಸಾವಿರ ರೂಪಾಯಿ ಕೊಟ್ಟು ಕೊಳವೆಬಾವಿಗೆ ಮರುಪೂರಣದ ಗುಂಡಿ, ಅಂದರೆ ಹರಿದು ಬಂದ ಮಳೆನೀರನ್ನು ಸೋಸಿ ಬಾವಿಗೆ ಇಳಿಸುವ ಗುಂಡಿ, ಮಾಡಿಸಿದೆ. ವರ್ಷ ತುಂಬಲಿ ಎಂದು ಕಾದು ಈಗ ಬರೆಯುತ್ತಿದ್ದೇನೆ. ಕೆಲಸ ಮುಗಿದ ದಿನವೇ ಅಭಿಪ್ರಾಯ ಬರೆಯುವುದೆಂದರೆ ಮದುವೆ ಚಪ್ಪರದಲ್ಲೇ ಸಂಸಾರ ಹೇಗಿದೆ ಎಂದು ಕೇಳಿದ ಹಾಗೆ.

ಮಾಡಿದವರ ಹೆಸರು ಬರೆಯುವುದಿಲ್ಲ. ಜಿಲ್ಲಾ ಕೇಂದ್ರದಿಂದ ಬಂದ ಐದು ಜನರ ತಂಡ. ಅವರು ಹಿಡಿದ ಅಳತೆಯನ್ನೇ ನಮ್ಮ ಸುತ್ತಮುತ್ತ ಈ ಕೆಲಸ ಮಾಡುವ ಬೇರೆಯವರೂ ಹಿಡಿಯುತ್ತಾರೆ. ನನ್ನ ತಕರಾರು ಇರುವುದು ಆ ಅಳತೆಯ ಮೇಲೆ.

ನಮ್ಮ ಮೊದಲ ಬೋರು 1994ರದು, 180 ಅಡಿಗೆ ಎರಡೂವರೆ ಇಂಚು ನೀರು. 2006ರಲ್ಲಿ 420 ಅಡಿ ಕೊರೆಸಿದೆವು. 2019ರಲ್ಲಿ 780 ಅಡಿ ಇಳಿಸಿದರೆ ಸಿಕ್ಕಿದ್ದು ಒಂದೂವರೆ ಇಂಚು. ಆಳಕ್ಕೆ ಹೋದಷ್ಟೂ ನೀರು ಎಂಬ ಲೆಕ್ಕ ಈ ನೆಲದಲ್ಲಿ ನಡೆಯುವುದಿಲ್ಲ. ಮೇಲೆ ಮಣ್ಣು, ಆಮೇಲೆ ಗೊರಚು ಎಂಬ ಪುಡಿಗಲ್ಲಿನ ಪದರ. ಅದರ ಕೆಳಗೆ ಬರೀ ಬಂಡೆ. ನೀರು ನಿಲ್ಲುವುದು ಬಂಡೆಯ ಸೀಳುಗಳಲ್ಲಿ, ಇಳಿದಂತೆಲ್ಲ ಆ ಸೀಳುಗಳೂ ಅಪರೂಪವಾಗುತ್ತವೆ. ಮಳೆ ಮೊದಲು ಮೇಲಿನ ಮಣ್ಣನ್ನು ನೆನೆಸಬೇಕು, ಉಳಿದ ನೀರು ಗೊರಚಿನಲ್ಲಿ ಜಿನುಗಿ ಸೀಳು ಹುಡುಕಿಕೊಂಡು ಹೋಗಬೇಕು. ಅದಕ್ಕೆ ಮಳೆ ನಾಲ್ಕು ದಿನ ಹಿಡಿದು ಕೂರಬೇಕು.

ಈಗಿನ ಮಳೆ ಕೂರುವುದಿಲ್ಲ. 2022ರಲ್ಲಿ ವಾಣಿ ವಿಲಾಸ ಸಾಗರ ಕೋಡಿ ಬಿದ್ದಾಗ ಊರಿಗೆ ಊರೇ ಟ್ರ್ಯಾಕ್ಟರ್ ಹತ್ತಿ ನೋಡಲು ಹೋಗಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು ಅದಕ್ಕೆ ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ನಮ್ಮ ಹಾಳು ಬಾವಿಯಲ್ಲೂ ಆ ವರ್ಷ ನೀರು ಕಂಡಿತು, ನನ್ನ ಹೆಂಡತಿ ಅದಕ್ಕೂ ಒಂದು ಬಾಗಿನ ಬಿಟ್ಟಳು. ಮರುವರ್ಷವೇ ಎಲ್ಲ ತಿರುವುಮುರುವು. "ಮಘೆ ಮಳೆ ಬಂದಷ್ಟು ಒಳ್ಳೆಯದು, ಮನೆ ಮಗ ಉಂಡಷ್ಟು ಒಳ್ಳೆಯದು" ಎನ್ನುತ್ತಾರಲ್ಲ, 2023ರ ಮಘೆಯಲ್ಲಿ ಅಂಗಳದ ರಂಗೋಲಿ ಕೂಡ ಅಳಿಸಲಿಲ್ಲ. 1901ರಿಂದ ಲೆಕ್ಕ ಇಟ್ಟಿರುವ ದೇಶಕ್ಕೇ ಅದು ಅತಿ ಒಣ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. 2024ರ ಫೆಬ್ರವರಿ ಹೊತ್ತಿಗೆ ನಮ್ಮ ಮೋಟಾರು 35 ನಿಮಿಷ ಓಡಿದರೆ ಸಾಕು, ಸ್ಟಾರ್ಟರ್ ಡಬ್ಬಿಯ ಆಂಪಿಯರ್ ಮುಳ್ಳು ಕುಸಿಯುತ್ತಿತ್ತು. ನೀರೆತ್ತುವ ಭಾರ ಇಲ್ಲದ ಮೋಟಾರಿಗೆ ಕರೆಂಟೂ ಬೇಡ.

ನಾಲ್ಕನೆಯ ಬೋರಿಗೆ ಸಾಲ ಮಾಡುವ ಬದಲು ಇರುವುದಕ್ಕೇ ನೀರು ಕುಡಿಸೋಣ ಎಂದು ತಂಡವನ್ನು ಕರೆಸಿದೆ.

ಕೆಲಸಗಾರರ ಕೈಕೆಲಸಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಬೋರಿನ ಬಾಯಿಗೆ ಇಳಿಸಿದ ಕೇಸಿಂಗ್ ಪೈಪಿನ ಸುತ್ತ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಆಳದ ಗುಂಡಿಯನ್ನು ಜೆಸಿಬಿಯಲ್ಲಿ ತೆಗೆದರು. ಪೈಪಿಗೆ ಬಕೆಟ್ ತಾಗದ ಹಾಗೆ ಕೊನೆಯ ಎರಡಡಿಯನ್ನು ಗುದ್ದಲಿ ಹಿಡಿದು ಕೈಯಲ್ಲೇ ಬಿಡಿಸಿದರು. ಹುಡುಗನೊಬ್ಬ ಗುಂಡಿಯೊಳಗೆ ಕುಕ್ಕರಗಾಲಲ್ಲಿ ಕೂತು ಪೈಪಿಗೆ ಡ್ರಿಲ್ ಇಟ್ಟು ರಂಧ್ರ ಹಾಕಿದ. ನಾನು ಮೇಲೆ ನಿಂತು ಎಣಿಸಿದೆ, 312. ಪ್ರತಿ ರಂಧ್ರದ ಅಂಚಿನ ಮುಳ್ಳನ್ನೂ ಅರದಲ್ಲಿ ಉಜ್ಜಿದ. "ಯಾಕೆ ಮರಿ ಇಷ್ಟು ಶ್ರಮ?" ಎಂದರೆ, "ಮುಳ್ಳು ಉಳಿದರೆ ಪರದೆ ಹರಿಯುತ್ತದೆ ಯಜಮಾನರೇ" ಎಂದ. ಅದರ ಮೇಲೆ ನೈಲಾನ್ ಪರದೆಯನ್ನು ಎರಡು ಸುತ್ತು ಸುತ್ತಿ ಕಟ್ಟಿದರು. ತಳಕ್ಕೆ ದಪ್ಪ ಕಲ್ಲು, ಮೇಲೆ ದೊಡ್ಡ ಜೆಲ್ಲಿ, ಸಣ್ಣ ಜೆಲ್ಲಿ, ಇದ್ದಿಲು, ಕೊನೆಗೆ ಮರಳು. ಮೂರು ದಿನದಲ್ಲಿ ಮುಗಿಯಿತು. ಜೆಸಿಬಿ ಬಾಡಿಗೆ ಒಪ್ಪಂದದಲ್ಲೇ ಸೇರಿದೆ ಎಂದಿದ್ದವರು ಹೊರಡುವಾಗ ಡೀಸೆಲ್‌ಗೆಂದು ಮೂರು ಸಾವಿರ ಕೇಳಿದ್ದು ಬೇರೆ ಮಾತು. ಕೊಟ್ಟೆ. ಚೀಟಿ ಮಾತ್ರ ಸಿಗಲಿಲ್ಲ.

ಬಗ್ಗಡ ನೀರು ನೇರವಾಗಿ ಒಳಗೆ ಬರಬಾರದೆಂದು ಮುಂದೆ ಒಂದು ಹೂಳುಗುಂಡಿ ಮಾಡಿದ್ದರು. ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ಮೂರಡಿ ಆಳ. ಎಡವಟ್ಟು ಆದದ್ದು ಅಲ್ಲಿಯೇ.

ಮೇ ತಿಂಗಳಲ್ಲಿ ಒಂದು ಸಂಜೆ ಗಾಳಿ ಸಮೇತ ಹೊಡೆಯಿತು ನೋಡಿ. ಗಂಟೆಯೊಳಗೆ ನಿಂತೂ ಹೋಯಿತು. ಅಂಗಳದಲ್ಲಿಟ್ಟಿದ್ದ ಖಾಲಿ ಪೇಂಟ್ ಡಬ್ಬಿಗೆ ಅಡಿಕೋಲು ಇಳಿಸಿದರೆ ಆರೂವರೆ ಸೆಂಟಿಮೀಟರ್, ಅಂದರೆ 65 ಮಿಲಿಮೀಟರ್. ಬೇಸಿಗೆಯಲ್ಲಿ ಸುಟ್ಟು ಹೆಂಚಾಗಿದ್ದ ನೆಲ ಕುಡಿದದ್ದು ಅಷ್ಟಕ್ಕಷ್ಟೇ, ಕೆಂಪು ನೀರು ಇಳಿಜಾರು ಹಿಡಿದು ಬಂತು. ಟಾರ್ಚ್ ಹಿಡಿದು ಹೋಗುವಷ್ಟರಲ್ಲಿ ಹೂಳುಗುಂಡಿ ಕಂಠಮಟ್ಟ ಕೆಸರಾಗಿ, ಮಿಕ್ಕ ಬಗ್ಗಡವೆಲ್ಲ ಮರಳಿನ ಮೇಲೆ ಮಲಗಿತ್ತು. ಕೆಲವೇ ಗಂಟೆಗಳಲ್ಲಿ ಇಂಗಬೇಕಾದ ನೀರು ಎರಡು ದಿನ ನಿಂತಿತು. ಮರುದಿನ ಮೋಟಾರು ಹಾಕಿದರೆ ಇಟ್ಟಿಗೆಬಣ್ಣದ ನೀರು.

ಲೆಕ್ಕ ಹಾಕಿ. ಒಂದು ಎಕರೆಯ ಮೇಲೆ 65 ಮಿಲಿಮೀಟರ್ ಮಳೆ ಎಂದರೆ ಎರಡು ಲಕ್ಷ ಅರವತ್ತು ಸಾವಿರ ಲೀಟರ್. ಅದರಲ್ಲಿ ಕಾಲು ಭಾಗ ಹರಿದು ಬಂದರೂ 65 ಸಾವಿರ. ಈ ಗುಂಡಿಯ ಒಟ್ಟು ಅಳತೆ 28 ಸಾವಿರ ಲೀಟರ್, ಕಲ್ಲು ಜೆಲ್ಲಿ ತುಂಬಿದ ಮೇಲೆ ಸಂದಿಗಳಲ್ಲಿ ಹಿಡಿಯುವುದು ಹನ್ನೊಂದು ಹನ್ನೆರಡು ಸಾವಿರ. ಜಿಟಿಜಿಟಿ ಮಳೆಯಾದರೆ ಗುಂಡಿ ಕುಡಿಯುತ್ತಾ ಇರುತ್ತದೆ, ನೀರು ಬರುತ್ತಾ ಇರುತ್ತದೆ, ಯಾರಿಗೂ ಅವಸರವಿಲ್ಲ. ಇವರ ಅಳತೆಯೆಲ್ಲ ಆ ಮಳೆಗೆ ಹೊಲಿದ ಅಂಗಿ. ಬಿಸಿಯಾದ ಗಾಳಿ ಹೆಚ್ಚು ತೇವ ಹೊತ್ತುಕೊಳ್ಳುತ್ತದೆ, ಹೊತ್ತದ್ದನ್ನು ಒಮ್ಮೆಲೇ ಕೆಡವುತ್ತದೆ. ವರ್ಷದ ಮೊತ್ತ ಅಷ್ಟೇ ಇದ್ದರೂ ಮಳೆ ದಿನಗಳು ಉದುರಿ ಹೋಗುತ್ತವೆ. ಇಂಥ ಮಳೆಯನ್ನು ಹಿಡಿಯಬೇಕಾದರೆ ಮೊದಲು ಕೃಷಿ ಹೊಂಡ, ಅಲ್ಲಿ ಬಗ್ಗಡ ತಳಕ್ಕೆ ಕೂತ ಮೇಲೆ ತಿಳಿನೀರು ಗುಂಡಿಗೆ.

ಫೋನ್ ಮಾಡಿದೆ. "ನಾಳೆ ಬರುತ್ತೇವೆ" ಎಂದರು. ಮೂರು ವಾರ ಕಳೆದರೂ ಅವರ ನಾಳೆ ಬರಲಿಲ್ಲ. ಕೊನೆಗೆ ಇಬ್ಬರು ಆಳು ಹಿಡಿದು ಮೇಲಿನ ಒಂದಡಿ ಮರಳು ತೆಗೆಸಿ, ತೊಳೆಸಿ, ಮತ್ತೆ ಹಾಕಿಸಿದೆ. ಹೂಳುಗುಂಡಿಯ ಜಾಗದಲ್ಲಿ ಮೂವತ್ತಡಿ ಉದ್ದದ ಸಣ್ಣ ಹೊಂಡ ತೆಗೆಸಿ, ಅಂಚಿಗೆ ಲಾವಂಚ ನೆಟ್ಟೆ. ಇದಕ್ಕೆ ಇನ್ನೂ 18 ಸಾವಿರ.

ಕಾಲುವೆ ತಿರುಗಿಸುವಾಗ ನನ್ನ ಹೆಂಡತಿ ಒಂದು ಪ್ರಶ್ನೆ ಕೇಳಿದಳು. "ರೀ, ಮೇಲಿನ ದಾಳಿಂಬೆ ತೋಟಕ್ಕೆ ವಾರ ವಾರ ಔಷಧಿ ಹೊಡೆಯುತ್ತಾರಲ್ಲ, ಆ ನೀರೂ ನಮ್ಮ ಬೋರಿಗೇ ಇಳಿಯುತ್ತದಾ?" ಐದು ಜನರ ತಂಡಕ್ಕೂ, ಮೀಟರ್ ಹಿಡಿಯುವ ನನಗೂ ಹೊಳೆಯದ ಮಾತು. ಇದೇ ಬೋರಿನ ನೀರನ್ನು ನಾವು ಕುಡಿಯುವುದು. ಮರಳು, ಇದ್ದಿಲು ಕೆಸರನ್ನು ತಡೆದಾವು, ಕೀಟನಾಶಕಕ್ಕೆ ಅಷ್ಟು ಸಾಲದು. ಆ ಕಡೆಯ ಹರಿವಿಗೆ ಬದು ಹಾಕಿಸಿ ಹಳ್ಳಕ್ಕೆ ಬಿಟ್ಟೆ. ನೀರು ಕಡಿಮೆಯಾಯಿತು, ಆಗಲಿ.

ಈಗ ಫಲಿತಾಂಶ. ಎರಡು ಎಳೆ ವೈರಿನ ತುದಿ ಬಿಡಿಸಿ, ಸೀಸದ ಗುಂಡು ಕಟ್ಟಿ ಬೋರಿಗೆ ಇಳಿಸುತ್ತೇನೆ. ನೀರು ತಾಗಿದ ಕೂಡಲೇ ಮೇಲೆ ಮೀಟರಿನ ಮುಳ್ಳು ಅಲುಗುತ್ತದೆ. ವೈರಿಗೆ ಹತ್ತಡಿಗೊಂದು ಗುರುತು. ಒಮ್ಮೆ ಪೈಪಿಗೆ ಸಿಕ್ಕಿಕೊಂಡು ಅರ್ಧ ದಿನ ಒದ್ದಾಡಿದ್ದೇನೆ, ಅನುಭವವಿಲ್ಲದವರು ಇಳಿಸಬೇಡಿ. 2024ರ ಏಪ್ರಿಲ್‌ನಲ್ಲಿ ನೀರು 610 ಅಡಿಯಲ್ಲಿತ್ತು. ಅಕ್ಟೋಬರ್ ಮಳೆ ಚೆನ್ನಾಗಿ ಬಂದು, 2025ರ ಜನವರಿಯಲ್ಲಿ ವಾಣಿ ವಿಲಾಸ ಮತ್ತೆ ಕೋಡಿ ಬಿತ್ತು (ಭದ್ರಾ ನದಿಯಿಂದ ಎತ್ತಿ ಬಿಟ್ಟ ನೀರೂ ಸೇರಿತ್ತು ಎನ್ನಿ). ಆ ತಿಂಗಳು ನಮ್ಮ ವೈರಿಗೆ 430 ಅಡಿಗೇ ನೀರು ತಾಗಿತು. ಮೋಟಾರು ಒಂದು ಗಂಟೆ ಐವತ್ತು ನಿಮಿಷ ಓಡಿತು.

ಕುಣಿದಾಡುವ ಮೊದಲು ಪಕ್ಕದ ಹೊಲದ ಬೋರನ್ನೂ ನೋಡಿದೆ. ಅವರದು ಗುಂಡಿ ಗಿಂಡಿ ಏನೂ ಇಲ್ಲ. ಬರಗಾಲದಲ್ಲಿ 40 ನಿಮಿಷ ಓಡುತ್ತಿದ್ದದ್ದು ಈಗ 70 ನಿಮಿಷ ಓಡುತ್ತಿದೆ. ಅಂದರೆ ನನ್ನ ಲಾಭದಲ್ಲಿ ಒಂದು ಪಾಲು ಮಳೆಯದು, ಉಳಿದದ್ದು ಗುಂಡಿಯದು. ಆ ಉಳಿದದ್ದಕ್ಕೇ ನಾಲ್ಕು ನಕ್ಷತ್ರ. ನಮ್ಮ ಕಡೆ ಮಳೆಗೂ ನಕ್ಷತ್ರದ ಹೆಸರೇ ಇರುವುದು, ಅವು ಕೈಕೊಟ್ಟರೆ ಈ ನಾಲ್ಕೂ ಉಪಯೋಗಕ್ಕೆ ಬರುವುದಿಲ್ಲ.

ಎರಡು ನಕ್ಷತ್ರ ಕೊಟ್ಟದ್ದು "ಇನ್ನು ನಿಮಗೆ ನೀರಿನ ಚಿಂತೆಯೇ ಇಲ್ಲ" ಎಂಬ ಅವರ ಮಾತಿಗೆ. 2024ರ ಏಪ್ರಿಲ್ ಬಿಸಿಲಿಗೆ ಅಡಿಕೆಯ ಎಲೆ ಸುಡುತ್ತಿತ್ತು. ವಾರಕ್ಕೊಮ್ಮೆ ಬಿಡುತ್ತಿದ್ದ ನೀರನ್ನು ಎರಡು ಸಲ ಬಿಟ್ಟೆ. ಬಿಸಿಲೇರಿದಷ್ಟೂ ರೈತರು ಹೆಚ್ಚು ನೀರೆತ್ತುತ್ತಾರೆ, ಹೀಗೇ ಆದರೆ 2041ರಿಂದ 2080ರ ನಡುವೆ ಭಾರತದ ಅಂತರ್ಜಲ ಕುಸಿಯುವ ವೇಗ ಈಗಿನ ಮೂರು ಪಟ್ಟಾದೀತು ಎಂದು ಮಿಷಿಗನ್ ವಿಶ್ವವಿದ್ಯಾಲಯದವರು 2023ರಲ್ಲಿ ಬರೆದದ್ದನ್ನು ಮಗಳು ಓದಿ ಹೇಳಿದಳು. ಆ ರೈತರಲ್ಲಿ ನಾನೂ ಒಬ್ಬ. ಒಂದು ಗುಂಡಿ ತೋಡಿಸಿ ಎರಡರಷ್ಟು ನೀರೆತ್ತಿದರೆ ಚಿಂತೆ ಹೇಗೆ ಹೋದೀತು? ಈ ವರ್ಷ ತೆಂಗಿಗೆ ಡ್ರಿಪ್ ಹಾಕಿಸಿ, ಬುಡಕ್ಕೆ ಗರಿ, ಸಿಪ್ಪೆ ಮುಚ್ಚಿದ್ದೇನೆ.

ಮಾಡಿಸಬಹುದೇ ಎಂದು ನನ್ನ ತಂಗಿಯ ಮಗ ಕೇಳಿದ. ಮಾಡಿಸು, ಆದರೆ ಹೂಳುಗುಂಡಿಯ ಅಳತೆಯನ್ನು ನೀನೇ ಹೇಳು, ಡೀಸೆಲ್ ಯಾರದೆಂದು ಮೊದಲೇ ಬರೆಸಿಕೋ ಎಂದೆ.

ಕಳೆದ ವಾರ ತಂಡದವರೇ ಫೋನ್ ಮಾಡಿದ್ದರು. ನೀರು ಏರಿದ ಸುದ್ದಿ ತಲುಪಿರಬೇಕು. "ಯಜಮಾನರೇ, ಗುಂಡಿಯ ಪಕ್ಕ ನಿಂತು ಎರಡು ನಿಮಿಷ ಮಾತಾಡಿ, ವಿಡಿಯೊ ಮಾಡಿಕೊಳ್ಳುತ್ತೇವೆ" ಎಂದರು. ಆಗಲಿ, ಬರುವಾಗ ಎರಡು ಗುದ್ದಲಿ, ನಾಲ್ಕು ಬಾಂಡಲಿ ತನ್ನಿ, ಹೊಂಡದ ಹೂಳು ತೆಗೆಯುವುದನ್ನೂ ವಿಡಿಯೊ ಮಾಡೋಣ ಎಂದೆ. ನಾಳೆ ಬರುತ್ತೇವೆ ಎಂದಿದ್ದಾರೆ.