ಪ್ಯಾಟಗೋನಿಯಾ: ಟ್ರಕ್ಕಿನಲ್ಲಿ ಗುಂಪಾಗಿಯೋ, ಬಸ್ಸಿನಲ್ಲಿ ನಾವಾಗಿಯೋ?

ಪ್ಯಾಟಗೋನಿಯಾ ಅಂದರೆ ದಕ್ಷಿಣ ಅಮೆರಿಕದ ದಕ್ಷಿಣ ತುದಿ, ಅರ್ಜೆಂಟೀನಾ ಮತ್ತು ಚಿಲಿ ಎರಡರಲ್ಲೂ ಹರಡಿರುವ ಸೀಮೆ. ಬೆಂಗಳೂರಿನಿಂದ ಅಷ್ಟು ದೂರ ಹೋಗುವವರಿಗೆ ದೊಡ್ಡ ಪ್ರಶ್ನೆ ಇದೇ. ಓವರ್‌ಲ್ಯಾಂಡ್ ಟ್ರಕ್ಕಿನ (ಪ್ರವಾಸಿಗರನ್ನು ರಸ್ತೆಯಲ್ಲೇ ದೂರದವರೆಗೆ ಸುತ್ತಿಸುವ ವಾಹನ) ಗುಂಪು ಸೇರೋದಾ, ಬಸ್ ಹಿಡಿದು ನಾವೇ ಸುತ್ತೋದಾ? ಎರಡಕ್ಕೂ ಅಲ್ಲಿನ ಬೇಸಿಗೆಯೇ ಸರಿ, ನವೆಂಬರ್‌ನಿಂದ ಮಾರ್ಚ್‌ವರೆಗೆ.

ಟ್ರಕ್ಕಿನಲ್ಲಿ ಟೆಂಟ್, ಒಲೆ, ಪಾತ್ರೆ ಜೊತೆಗೇ ಬರುತ್ತವೆ. ಸಾಮಾನ್ಯವಾಗಿ ಟೆಂಟ್ ನೀವೇ ಹಾಕಬೇಕು, ಅಡುಗೆ ಸರದಿಯ ಮೇಲೆ. ಮಾಂಸ ತಿನ್ನದವರಿಗೆ ಇದು ದೊಡ್ಡ ಅನುಕೂಲ. ಅರ್ಜೆಂಟೀನಾದ ಸಣ್ಣ ಊರುಗಳಲ್ಲಿ ಊಟ ಅಂದರೆ ಹೆಚ್ಚಾಗಿ ಮಾಂಸವೇ. ನಿಮ್ಮ ಸರದಿ ದಿನ ಅನ್ನ-ಸಾರು ಮಾಡಿ ಎಲ್ಲರಿಗೂ ಬಡಿಸಬಹುದು, ಅಲ್ವಾ? ಆದರೆ ಚಿಲಿ ಗಡಿಯಲ್ಲಿ ಹಣ್ಣು, ತರಕಾರಿ, ಬೀಜ ಬಚ್ಚಿಟ್ಟರೆ ದಂಡ ಬೀಳುತ್ತದೆ. ಬೇಳೆ ಇದ್ದರೂ ಫಾರಂನಲ್ಲಿ ಬರೆದುಬಿಡಿ.

ಇನ್ನು ಗಾಳಿ. ಅರ್ಜೆಂಟೀನಾದ 40ನೇ ಹೆದ್ದಾರಿಯ ಬಯಲಲ್ಲಿ ಅದು ಬೀಸಿದರೆ ಒಬ್ಬರು ಟೆಂಟ್ ಬಟ್ಟೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಗೂಟ ಹೊಡೆದು ಮೇಲೆ ಕಲ್ಲು ಹೇರಬೇಕು. ಒಂಟಿಯಾಗಿ ತುಂಬಾ ಕಷ್ಟ.

ಬಸ್ಸಿನ ಲಾಭ ಒಂದೇ, ಆದರೆ ಭಾರಿ ಲಾಭ: ಕಾಯಬಹುದು. ಅರ್ಜೆಂಟೀನಾದ ಟ್ರೆಕ್ಕಿಂಗ್ ಊರು ಎಲ್ ಚಾಲ್ಟೆನ್‌ನಲ್ಲಿ 3,405 ಮೀಟರ್ ಎತ್ತರದ ಫಿಟ್ಜ್ ರಾಯ್ ಶಿಖರ ಎಷ್ಟೋ ಸಲ ಮೋಡದ ಹಿಂದೆಯೇ ಇರುತ್ತದೆ. ಟ್ರಕ್ ನಿಮಗಾಗಿ ನಿಲ್ಲುವುದಿಲ್ಲ. ಬಸ್ಸಿನಲ್ಲಿ ಸುತ್ತುವವರು ಇನ್ನೆರಡು ದಿನ ಉಳಿಯಬಹುದು.

ಟ್ರೆಕ್ಕಿಂಗೇ ಮುಖ್ಯ ಅನ್ನೋರು ಬಸ್ಸಿಗೇ ಹೋಗಿ ಅಂತೀನಿ. ಉದ್ದಕ್ಕೂ ನೆಲ ನೋಡುವ ಆಸೆ, ಜಾಸ್ತಿ ರಜೆ ಇದ್ದರೆ ಟ್ರಕ್ಕೇ ಸೈ. ಬಸ್ಸಿನಲ್ಲಿ ಹೋಗುವವರು ಚಿಲಿಯ ತೊರೆಸ್ ದೆಲ್ ಪೈನೆ ರಾಷ್ಟ್ರೀಯ ಉದ್ಯಾನದ ಕ್ಯಾಂಪ್‌ಸೈಟುಗಳನ್ನು ತಿಂಗಳುಗಳ ಮೊದಲೇ ಬುಕ್ ಮಾಡಿಕೊಳ್ಳಿ. ಅಲ್ಲಿ ಬೆಂಕಿ ಹಾಕುವಂತಿಲ್ಲ, ಸ್ಟೌ ಕೂಡ ಗೊತ್ತುಮಾಡಿದ ಜಾಗದಲ್ಲಿ ಮಾತ್ರ.